ಚಾರ್ಜರ್ ಲಿಮೆರಿಕ್ಕಿನಲ್ಲಿ, ಡ್ರಿಲ್ ಲೆಟರ್‌ಕೆನ್ನಿಯಲ್ಲಿ

ಲಿಮೆರಿಕ್
20 ಏಪ್ರಿಲ್ 2020

ಶಫೀ,

ಅಂಚೆಯವರು ಮನೆಮನೆಗೂ ಎರಡೆರಡು ಕಾರ್ಡು ಪುಕ್ಕಟೆ ಹಾಕಿಹೋದರು, ಈ ಲಾಕ್‌ಡೌನಿನಲ್ಲಿ ಹೋಗಿ ನೋಡಲಾಗದವರಿಗೆ ಬರೆದುಕೊಳ್ಳಿ ಎಂದು. ಒಂದನ್ನು ಅನನ್ಯಾ ತನ್ನ ಟೀಚರಿಗೆ ಬರೆದಳು. ಇನ್ನೊಂದನ್ನು ನಿನಗೆಂದು ಎತ್ತಿಟ್ಟಿದ್ದೆ. ಬರೆಯಲು ಕೂತಾಗ ನಿನ್ನನ್ನು ಬೈಯಲು ಅಷ್ಟು ಜಾಗ ಸಾಲದು ಎಂದು ಗೊತ್ತಾಯಿತು. ಅದಕ್ಕೇ ಈ ಹಾಳೆ.

ಫೋನ್ ಇಲ್ಲವೇನೋ ಎನ್ನಬೇಡ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು “ಯು ಆರ್ ಆನ್ ಮ್ಯೂಟ್” ಎಂದು ಹೇಳಿಸಿಕೊಂಡವನಿಗೆ ಮತ್ತೆ ಫೋನ್ ಎತ್ತುವ ಮನಸ್ಸಾಗುವುದಿಲ್ಲ. ಅಲ್ಲದೆ ಫೋನಿನಲ್ಲಿ ನಿನ್ನ ಮೇಲೆ ರೇಗಿದರೆ ಅನನ್ಯಾಗೆ ಅಷ್ಟೂ ಅರ್ಥವಾಗುತ್ತದೆ. “ಅಪ್ಪಾ, ಬಿ ನೈಸ್ ಟು ಶಫೀ ಅಂಕಲ್” ಎಂದು ಲಿಮೆರಿಕ್ಕಿನ ರಾಗದಲ್ಲಿ ಬುದ್ಧಿ ಹೇಳುತ್ತಾಳೆ. ಕಾಗದವಾದರೆ ಆ ಹೆದರಿಕೆಯಿಲ್ಲ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.

ನೀನು ಹೋಗಿ ಎರಡು ತಿಂಗಳಾಯಿತು. ಶೆಡ್ಡಿನಲ್ಲಿ ನಮ್ಮ ಬೆಂಚು ಹಾಗೇ ಬಿದ್ದಿದೆ. ಎರಡು ಕಾಲು ಕೂತಿವೆ, ಇನ್ನೆರಡು ಗೋಡೆಗೊರಗಿವೆ. “ಉಳಿದ ಸ್ಕ್ರೂಗಳನ್ನ ಕೈಯಲ್ಲೇ ತಿರುಗಿಸಿದ್ರೆ ಆಯ್ತಲ್ರೀ, ಅದಕ್ಕೂ ಶಫಿಯಣ್ಣನೇ ಬರ್ಬೇಕಾ?” ಎನ್ನುತ್ತಾಳೆ ಕಾತ್ಯಾಯಿನಿ. ಬರಬೇಕು. ಶನಿವಾರ ಮಧ್ಯಾಹ್ನ ನೀನು ಹಲಗೆ ಹಿಡಿದುಕೊಳ್ಳಬೇಕು, ನಾನು ಕೊರೆಯಬೇಕು, ಸೊಟ್ಟಗಾಯಿತು ಎಂದು ನೀನು ಹೇಳಬೇಕು. ಅದಿಲ್ಲದೆ ಮುಗಿಸಿದರೆ ಅದರ ಮೇಲೆ ನಾನಂತೂ ಕೂರುವುದಿಲ್ಲ.

ನೀವು ಹೊರಟ ದಿನ ನಾನು ಹೂಡಿದ ಆಟ ಈಗ ನನಗೇ ತಿರುಗಿದೆ. ಮೈಸೂರಿನಲ್ಲಿ ನಮ್ಮಮ್ಮ, ನೆಂಟರು ಹೊರಡುವಾಗ ಅವರ ಟವೆಲ್ಲೋ ಬಾಚಣಿಗೆಯೋ ಒಂದನ್ನು ಬಚ್ಚಿಡುತ್ತಿದ್ದಳು, ಅದಕ್ಕಾದರೂ ಮತ್ತೆ ಬರಲಿ ಎಂದು. ನಾನೂ ಅದನ್ನೇ ಮಾಡಿದೆ. ನಾವಿಬ್ಬರೂ ಸೇರಿ ಕೊಂಡ ನೀಲಿ ಡ್ರಿಲ್ಲನ್ನು ಒಂದು ಬ್ಯಾಟರಿ ಸಮೇತ ನಿನ್ನ ಕಾರಿಗೆ ಹಾಕಿ, ಇನ್ನೊಂದು ಬ್ಯಾಟರಿಯನ್ನೂ ಚಾರ್ಜರನ್ನೂ ಇಟ್ಟುಕೊಂಡೆ. “ಬ್ಯಾಟರಿ ಮುಗಿದಾಗ ಬಾ, ತುಂಬಿಸಿಕೊಂಡು ಹೋಗು” ಎಂದೆ. ಲೆಟರ್‌ಕೆನ್ನಿಯಲ್ಲಿ ನೂರ್ಜಹಾನಳ ಆಸ್ಪತ್ರೆ ಕೆಲಸ ಒಂದೇ ವರ್ಷದ್ದು, ಆಮೇಲೆ ವಾಪಸ್ ಇಲ್ಲಿಗೇ ಎಂದು ನೀನೂ ನಕ್ಕೆ. ಈಗ ನೋಡಿದರೆ ಮನೆಯಿಂದ ಎರಡು ಕಿಲೋಮೀಟರಿನಾಚೆ ಕಾಲಿಡುವ ಹಾಗಿಲ್ಲ.

ಬ್ಯಾಟರಿಯನ್ನಾದರೂ ಕಳಿಸೋಣವೆಂದು ಪೋಸ್ಟಾಫೀಸಿಗೆ ಹೋಗಿದ್ದೆ. ಬಿಡಿ ಬ್ಯಾಟರಿ ಪಾರ್ಸೆಲ್ಲಿನಲ್ಲಿ ಹೋಗುವುದಿಲ್ಲವಂತೆ, ಬೆಂಕಿಯ ಭಯ. ನಿಜ ಹೇಳಲಾ? ನನಗೆ ಖುಷಿಯಾಯಿತು. ಇನ್ನು ನೀನೇ ಬರಬೇಕು ಎಂದಾಯಿತಲ್ಲ. ಅಲ್ಲಿಯವರೆಗೆ ನನ್ನ ಬ್ಯಾಟರಿಯನ್ನು ಚಾರ್ಜರಿನಿಂದ ಇಳಿಸುವುದಿಲ್ಲ. ನೀನು ಬಂದ ದಿನ ಅದು ತುಂಬಿಕೊಂಡೇ ಇರಬೇಕು.

ಚಾರ್ಜರಿನ ಹಸಿರು ದೀಪ ಕಾಯುತ್ತಿರುವ,
ಮೂರ್ತಿ


ಲೆಟರ್‌ಕೆನ್ನಿ
4 ಮೇ 2020

ಮೂರ್ತಿ,

ನಿನ್ನ ಅಕ್ಷರ ನೋಡಿ ನೂರ್ಜಹಾನ್ “ಇದೇನು, ಡಾಕ್ಟರ್ ಚೀಟಿ ಬಂತು?” ಎಂದಳು. ಓದಿ ಹೇಳಿದ ಮೇಲೆ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ಲ್ಯಾಬಿನಲ್ಲಿ ಇಡೀ ದಿನ ಕೋವಿಡ್ ಟೆಸ್ಟುಗಳ ರಾಶಿ. ಮನೆಗೆ ಬಂದರೆ ಒಳಗೆ ಕಾಲಿಡಲು ಹೆದರುತ್ತಾಳೆ. ಹುಝೈಫಾ ಓಡಿ ಬಂದರೆ “ದೂರ, ದೂರ” ಎನ್ನುತ್ತಾಳೆ. ಮಗನಿಗೆ ಹಾಗೆ ಹೇಳಿ ಆಮೇಲೆ ತಾನೇ ಕಣ್ಣೊರೆಸಿಕೊಳ್ಳುತ್ತಾಳೆ.

ಅವಳು ಗ್ಯಾರೇಜಿನಲ್ಲೇ ಬಟ್ಟೆ ಬದಲಾಯಿಸಲಿ ಎಂದು ಅಲ್ಲಿ ಒಂದು ಪರದೆ, ಗೂಟಗಳು, ಸಾಬೂನಿಡಲು ಹಲಗೆ ಹಾಕಬೇಕಿತ್ತು. ಗೋಡೆ ಕಾಂಕ್ರೀಟು. ನಮ್ಮ ಡ್ರಿಲ್ಲಿನಲ್ಲಿ ಒಂದೆರಡು ತೂತು ಕೊರೆಯುವಷ್ಟರಲ್ಲಿ ಬ್ಯಾಟರಿಯ ದೀಪ ಅರ್ಧಕ್ಕೆ ಇಳಿಯಿತು. ಅಲ್ಲಿಗೇ ನಿಲ್ಲಿಸಿದೆ.

ಆಗ ಸಿಕ್ಕವನು ಚನ್ನಬಸಪ್ಪ. ಸೂಪರ್‌ಮಾರ್ಕೆಟ್ಟಿನ ಕ್ಯೂನಲ್ಲಿ ನನ್ನ ಹಿಂದಿನ ಗೆರೆಯ ಮೇಲೆ ನಿಂತು ಯಾರಿಗೋ ಫೋನಿನಲ್ಲಿ “ಏ, ಇಲ್ಲಿ ಜ್ವಾಳದ ಹಿಟ್ಟು ಸಿಗಂಗಿಲ್ಲ, ಏನ್ ಮಾಡ್ಲಿ?” ಎನ್ನುತ್ತಿದ್ದ. ಹುಬ್ಬಳ್ಳಿ ಬಿಟ್ಟ ಮೇಲೆ ಆ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ ದೋಸ್ತ. ತಿರುಗಿ “ಯಾವೂರ್ರೀ ನಿಮ್ದು?” ಎಂದೆ. ಗದಗಿನವನಂತೆ. ಒಂದು ವಿಮಾ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮ ಬಡಾವಣೆಯಲ್ಲೇ ಒಬ್ಬನೇ ಇದ್ದಾನೆ. ಮರಗೆಲಸದ ಹುಚ್ಚು. ಅವನ ಹತ್ತಿರವೂ ನಮ್ಮದೇ ನೀಲಿ ಕಂಪನಿಯ ಡ್ರಿಲ್ಲು, ಗರಗಸ, ಎಲ್ಲ ಇದೆ. ಆರು ಬ್ಯಾಟರಿ! ಒಂದೊಂದಕ್ಕೂ ನಂಬರ್ ಬರೆದಿದ್ದಾನೆ. ಮರುದಿನವೇ ಚೀಲ ತಂದು ಗೇಟಿನ ಹತ್ತಿರ ಇಟ್ಟು, ದೂರ ನಿಂತು “ತಗೋರಿ, ಕೆಲಸ ಮುಗಿಸ್ರಿ” ಎಂದ. ಅವನ ಬ್ಯಾಟರಿಯಲ್ಲಿ ಗ್ಯಾರೇಜಿನ ಕೆಲಸವೆಲ್ಲ ಮುಗಿಯಿತು. ನೂರ್ಜಹಾನ್ ಈಗ ಪರದೆಯ ಹಿಂದೆ ಗುನುಗಿಕೊಂಡು ಬಟ್ಟೆ ಬದಲಾಯಿಸುತ್ತಾಳೆ.

ಚಾರ್ಜರ್ ಪೋಸ್ಟಿನಲ್ಲಿ ಬರುತ್ತದಲ್ಲ? ಅದಕ್ಕೆ ಬೆಂಕಿಯ ಭಯವಿಲ್ಲ. ಕಳಿಸು. ರೋಜಾ ನಡೆದಿದೆ, ಇಲ್ಲಿಯ ಸೂರ್ಯನಿಗೆ ಮುಳುಗುವ ಮನಸ್ಸೇ ಇಲ್ಲ. ಇಫ್ತಾರಿನ ಹೊತ್ತಿಗೆ ಚನ್ನಬಸಪ್ಪ ಗೇಟಿನ ಮೇಲೆ ಬಿಸಿ ಮಿರ್ಚಿ ಭಜಿ ಇಟ್ಟು ಹೋಗುತ್ತಾನೆ. ತಿಂದರೆ ಊರು ನೆನಪಾಗುತ್ತದೆ.

ನಿನ್ನ ಎರಡು ಕಾಲಿನ ಬೆಂಚಿಗೆ ನನ್ನ ಸಲಾಮು.
ಶಫೀ


ಲಿಮೆರಿಕ್
16 ಮೇ 2020

ಶಫೀ,

ನಿನ್ನ ಕಾಗದ ಬಂದ ದಿನವೇ ಬರೆದಿದ್ದರೆ ಕೆಟ್ಟದಾಗಿ ಬರೆಯುತ್ತಿದ್ದೆ. ಈಗಲೂ ಒಳ್ಳೆಯದಾಗಿ ಬರೆಯುತ್ತೇನೆಂದು ಹೇಳಲಾರೆ. ನೂರ್ಜಹಾನ್ ನಕ್ಕಳೆಂದು ಕೇಳಿ ಕಾತ್ಯಾಯಿನಿಗೆ ಸಮಾಧಾನವಾಯಿತು. ನನಗೂ ಆಯಿತು, ಮುಂದಿನದು ಓದುವವರೆಗೆ.

ಆರು ಬ್ಯಾಟರಿ! ಒಬ್ಬನೇ ಇರುವ ಮನುಷ್ಯನಿಗೆ ಆರು ಬ್ಯಾಟರಿ ಯಾಕೆ? ಏನು ಕಟ್ಟುತ್ತಿದ್ದಾನೆ, ಹಡಗಾ? ನಂಬರ್ ಬೇರೆ ಬರೆದಿದ್ದಾನಂತೆ. ಯಾವುದು ಯಾವುದೆಂದು ಗೊತ್ತಾಗದಷ್ಟು ಇಟ್ಟುಕೊಂಡವನು ನಂಬರ್ ಬರೆಯಲೇಬೇಕು. ನಮ್ಮದು ಎರಡೇ ಇದ್ದವು. ಒಂದಕ್ಕೆ ಅನನ್ಯಾ ಕೆಳಗೆ ಬೀಳಿಸಿದಾಗಿನ ಗೀರು, ಇನ್ನೊಂದಕ್ಕೆ ನಿನ್ನ ಮಗ ಅಂಟಿಸಿದ ಚಿಟ್ಟೆಯ ಸ್ಟಿಕ್ಕರ್. ಕತ್ತಲಲ್ಲಿ ಕೈಯಾಡಿಸಿದರೂ ಯಾವುದೆಂದು ಹೇಳಬಹುದಿತ್ತು.

ನನಗೆ ಹೊಟ್ಟೆ ಉರಿಯಿತು. ಮುಚ್ಚಿಟ್ಟು ಏನು ಸಿಗುತ್ತದೆ? ನಮ್ಮ ಡ್ರಿಲ್ಲಿಗೆ ಕಂಡವರ ಬ್ಯಾಟರಿ ತುರುಕಿ ಗಿರ್ರೆನಿಸಿದೆಯಲ್ಲ, ನಿನಗೆ ಏನೂ ಅನ್ನಿಸಲಿಲ್ಲವೇ? ಅವನ ಮಾತು ಕೇಳಿ ಊರು ನೆನಪಾಯಿತು ಎಂದೆ. ಇಷ್ಟು ವರ್ಷ ನನ್ನ ಮೈಸೂರು ಮಾತು ನಿನ್ನ ಕಿವಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ ಎಂದಾಯಿತು. ಶನಿವಾರ ಶನಿವಾರ ನಮ್ಮ ಮನೆಯ ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆ. ಈಗ ಮಿರ್ಚಿ ಎನ್ನುತ್ತೀಯ. ಉಪ್ಪಿಟ್ಟು ಬಾಯಿಗೆ ಹಿಡಿಸುತ್ತಿರಲಿಲ್ಲ ಎಂದರೆ ಆಗಲೇ ಹೇಳಬಹುದಿತ್ತು.

ಚಾರ್ಜರನ್ನು ಡಬ್ಬಿಗೆ ಹಾಕಿ, ವಿಳಾಸ ಬರೆದು, ಪೋಸ್ಟಾಫೀಸಿನವರೆಗೆ ಹೋದೆ. ಕ್ಯೂ ರಸ್ತೆಗೆ ಬಂದಿತ್ತು. ವಾಪಸ್ ಬಂದುಬಿಟ್ಟೆ. ಕ್ಯೂ ಒಂದು ನೆಪ. ಚಾರ್ಜರೂ ಅಲ್ಲಿಗೆ ಬಂದರೆ ನೀನು ಇಲ್ಲಿಗೆ ಬರಲು ಇನ್ನೇನು ಉಳಿಯಿತು? ಬೇಕಾದರೆ ಅವನನ್ನೇ ಕೇಳು. ಆರು ಬ್ಯಾಟರಿ ಇದ್ದವನ ಹತ್ತಿರ ಚಾರ್ಜರ್ ಇರುವುದಿಲ್ಲವೇ?

ಒಂದೇ ಬ್ಯಾಟರಿಯ ಬಡವ,
ಮೂರ್ತಿ


ಲೆಟರ್‌ಕೆನ್ನಿ
22 ಜೂನ್ 2020

ಮೂರ್ತಿ,

ಈದ್ ಆಯಿತು. ಮನೆಯಲ್ಲೇ ಮೂವರು ನಮಾಜ್ ಮಾಡಿದೆವು. ನಿನ್ನ ಫೋನ್ ಬರುತ್ತದೆಂದು ಇಡೀ ದಿನ ಕಾದೆ. ಕಾತ್ಯಾಯಿನಿಯವರು ಮಾತಾಡಿದರು. ನೀನು ಶೆಡ್ಡಿನಲ್ಲಿದ್ದೀಯ, ಕರೆದರೆ ಬರುತ್ತಿಲ್ಲ ಎಂದರು. ಉಪ್ಪಿಟ್ಟಿಗೂ ಮಿರ್ಚಿಗೂ ಜಗಳ ಹಚ್ಚಿದವನು ಜಗತ್ತಿನಲ್ಲಿ ನೀನೊಬ್ಬನೇ.

ನೀನು ಬ್ಯಾಟರಿಯನ್ನು ಚಾರ್ಜರಿನಿಂದ ಇಳಿಸುವುದೇ ಇಲ್ಲ ಎಂದು ಚನ್ನಬಸಪ್ಪನಿಗೆ ಹೇಳಿದೆ. ಅವನು ತಲೆ ಮೇಲೆ ಕೈಹೊತ್ತುಕೊಂಡ. “ಹಂಗ ಮಾಡಿದ್ರ ಅದರ ಆಯುಷ್ಯ ಕಡಿಮಿ ಆಗತೈತ್ರಿ” ಎಂದ. ಸದಾ ತುಂಬಿಕೊಂಡಿದ್ದರೂ ಒಳಗೊಳಗೇ ಸವೆಯುತ್ತದಂತೆ, ಪೂರ್ತಿ ಬರಿದಾಗಿ ಬಿದ್ದಿದ್ದರೆ ಏಳುವುದೇ ಇಲ್ಲವಂತೆ. ಕೆಲಸವಿಲ್ಲದೆ ಇಡುವಾಗ ಅರ್ಧ ಚಾರ್ಜ್ ಸಾಕು, ತೇವವಿಲ್ಲದ ತಂಪು ಜಾಗದಲ್ಲಿಡು, ಇಷ್ಟೇ. ಹಾಗೆ ನೋಡಿಕೊಂಡರೆ ಎಷ್ಟೋ ವರ್ಷ ಬರುತ್ತದೆ. ನಿನ್ನ ಒಳ್ಳೆಯದಕ್ಕೇ ಹೇಳಿದ್ದಾನೆ, ಮೂಗು ಮುರಿಯಬೇಡ.

ಈ ತಿಂಗಳ ಕೊನೆಗೆ ಜಿಲ್ಲೆ ದಾಟಬಹುದು ಎಂದಿದ್ದಾರೆ. ನೂರ್ಜಹಾನಿಗೆ ರಜೆ ಕೊಡುತ್ತಿಲ್ಲ. ನೀವೇ ಬನ್ನಿ. ಚಾರ್ಜರನ್ನು ಮಡಿಲಲ್ಲಿಟ್ಟುಕೊಂಡಾದರೂ ಬಾ.

ದಾರಿ ನೋಡುತ್ತಿರುತ್ತೇನೆ.
ಶಫೀ


ಲಿಮೆರಿಕ್
26 ಅಕ್ಟೋಬರ್ 2020

ಶಫೀ,

ನಿನ್ನೆ ಆಯುಧಪೂಜೆ. ಹ್ಯಾಲೊವೀನಿಗೆಂದು ಅಂಗಡಿ ತುಂಬ ಕುಂಬಳಕಾಯಿ. ಪ್ರತಿ ವರ್ಷ ಅದನ್ನು ನಮ್ಮ ಕಾರಿನ ಮುಂದೆ ಒಡೆಯುತ್ತಿದ್ದವನು ನೀನು. ಎದುರುಮನೆಯ ಮುದುಕಿ ಕಿಟಕಿಯಿಂದ ನೋಡಿ “ಗ್ರ್ಯಾಂಡ್ ಜಾಬ್, ಲ್ಯಾಡ್ಸ್” ಎನ್ನುತ್ತಿದ್ದಳು. ಈ ಸಲ ನಾನೇ ಒಡೆದೆ. ಸರಿಯಾಗಿ ಒಡೆಯಲಿಲ್ಲ, ಉರುಳಿಕೊಂಡು ಚರಂಡಿಗೆ ಹೋಯಿತು. ಮುದುಕಿ ಕಿಟಕಿಯ ಪರದೆ ಎಳೆದುಕೊಂಡಳು.

ಡ್ರಿಲ್ಲಿಲ್ಲದೆ ಆಯುಧಪೂಜೆ ಮಾಡಿದೆ. ಬ್ಯಾಟರಿಯನ್ನು ಒರೆಸಿ, ಬೆಂಚಿನ ಹಲಗೆಯ ಮೇಲಿಟ್ಟು, ಗಂಧ ಅರಿಶಿನ ಕುಂಕುಮ ಹಚ್ಚಿದೆ. ಡ್ರಿಲ್ಲಿಗೆ ಸೇರಬೇಕಾದದ್ದನ್ನೂ ಅದಕ್ಕೇ ಬಳಿದೆ. ತಾಮ್ರದ ಸಂದುಗಳಿಗೂ ಒದ್ದೆ ಗಂಧ ತುಂಬಿದೆ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವುದಿಲ್ಲವಲ್ಲ, ನೀನು ಬರುವವರೆಗೂ ನಾನು ಮುಟ್ಟುವುದಿಲ್ಲ. ಶೆಡ್ಡಿನಲ್ಲೇ ಕೂತಿರಲಿ. ಅರ್ಧ ಚಾರ್ಜ್ ಸಾಕು ಎಂದಿದ್ದನಲ್ಲ ನಿನ್ನ ಪಂಡಿತ, ಅದಕ್ಕೆಂದೇ ಕಂಠಪೂರ್ತಿ ತುಂಬಿಸಿ ಇಟ್ಟಿದ್ದೇನೆ.

ಬೇಸಿಗೆ ಪೂರ್ತಿ ದಾರಿ ತೆರೆದಿತ್ತು. ಯಾಕೆ ಬರಲಿಲ್ಲ ಎಂದು ಕೇಳುತ್ತೀಯಾ? ಹೊರಟಿದ್ದೆ. ಟೈರಿಗೆ ಗಾಳಿ ಹೊಡೆಸಿ, ಚಾರ್ಜರನ್ನು ಹಿಂದಿನ ಸೀಟಿನಲ್ಲಿಟ್ಟಿದ್ದೆ. ಅಷ್ಟರಲ್ಲಿ ಅನನ್ಯಾ ತನ್ನ ಫೋನ್ ತೋರಿಸಿದಳು. ಹುಝೈಫಾ ಅವಳಿಗೆ ಫೋಟೋ ಕಳಿಸಿದ್ದ. ಸಮುದ್ರದ ದಂಡೆ, ನೀನು ಪ್ಯಾಂಟು ಮಡಚಿಕೊಂಡು ನಗುತ್ತಿದ್ದೀಯ, ಪಕ್ಕದಲ್ಲಿ ಆ ದಪ್ಪ ಮೀಸೆಯವನು, ಅವನ ಹೆಗಲ ಮೇಲೆ ಹುಝೈಫಾ. ಆ ಹುಡುಗ ನನ್ನ ಹೆಗಲ ಮೇಲೆ ಕೂತು ಬೆಳೆದವನು ಶಫೀ. ನಾನು ಕಾರಿನ ಕೀ ಮತ್ತೆ ಗೂಟಕ್ಕೆ ಹಾಕಿದೆ.

ಈಗ ಮತ್ತೆ ಬಾಗಿಲು ಹಾಕಿದ್ದಾರೆ, ಐದು ಕಿಲೋಮೀಟರು. ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡು. ಫೆಬ್ರವರಿಗೆ ನೂರ್ಜಹಾನಳ ವರ್ಷ ಮುಗಿಯುತ್ತದೆ. ಆಮೇಲೆ ಲಿಮೆರಿಕ್ಕಿಗೆ ಬರುತ್ತೀಯೋ, ಅವನ ಪಕ್ಕದಲ್ಲೇ ಉಳಿಯುತ್ತೀಯೋ?

ಮೂರ್ತಿ


ಲೆಟರ್‌ಕೆನ್ನಿ
12 ನವೆಂಬರ್ 2020

ಮೂರ್ತಿ,

ಆ ಫೋಟೋದಲ್ಲಿ ಯಾರಿದ್ದಾರೆ ಎಂದು ನೀನು ನೋಡಿದೆ. ಯಾರಿಲ್ಲ ಎಂದು ನೋಡಲಿಲ್ಲ.

ಜುಲೈನಲ್ಲಿ ನೂರ್ಜಹಾನಿಗೆ ಕೋವಿಡ್ ಆಗಿತ್ತು. ಹುಬ್ಬಳ್ಳಿಗೆ ಸುದ್ದಿ ಹೋದರೆ ಅವಳ ತಾಯಿ ಎದೆ ಒಡೆದುಕೊಳ್ಳುತ್ತಾರೆ, ಯಾರಿಗೂ ಹೇಳಬೇಡಿ ಎಂದಿದ್ದಳು. ಅವಳು ಮಹಡಿಯ ಕೋಣೆಯಲ್ಲಿ ಕೆಮ್ಮುತ್ತಿದ್ದಳು, ಹುಝೈಫಾ ಬಾಗಿಲಿನ ಹೊರಗೆ ಕೂತು ಆ ಕೆಮ್ಮು ಎಣಿಸುತ್ತಿದ್ದ. ನಾವು ಹೊರಗೆ ಹೋಗುವ ಹಾಗಿರಲಿಲ್ಲ. ಅಷ್ಟೂ ದಿನ ಗೇಟಿಗೆ ಅನ್ನ ತಂದಿಟ್ಟವನು ಆ ದಪ್ಪ ಮೀಸೆಯವನು. ಬಿಡುಗಡೆಯಾದ ಮೊದಲ ದಿನ, ಅವಳಿಗೆ ಇನ್ನೂ ಮೆಟ್ಟಿಲಿಳಿಯುವ ಶಕ್ತಿ ಇರಲಿಲ್ಲ, “ಹುಡುಗನ್ನ ಗಾಳಿಗೆ ಕರಕೊಂಡ್ ಹೋಗ್ರಿ” ಎಂದು ಅವಳೇ ಕಳಿಸಿದಳು. ನಾನು ನಕ್ಕದ್ದು ಅವಳು ಬದುಕಿದಳೆಂದು.

ನಿನಗೆ ಹೇಳುತ್ತಿದ್ದೆ. ಒಂದು ಸಲ ನೀನಾಗಿ ಫೋನ್ ಮಾಡಿ “ನೂರ್ಜಹಾನ್ ಹೇಗಿದ್ದಾಳೆ” ಎಂದಿದ್ದರೆ ಸಾಕಿತ್ತು. ನೀನು ಬ್ಯಾಟರಿಯ ಬಗ್ಗೆ ಕೇಳಿದೆ.

ಅವಳ ಕೆಲಸ ಕಾಯಂ ಆಗಿದೆ. ಇಲ್ಲೇ ಮನೆ ನೋಡುತ್ತಿದ್ದೇವೆ. ಇದನ್ನು ನಿನ್ನ ಎದುರಿಗೆ ಕೂತು ಹೇಳಬೇಕೆಂದಿದ್ದೆ. ಡ್ರಿಲ್ಲಿನ ವಿಷಯದಲ್ಲಿ ನೀನು ಅಂದುಕೊಂಡದ್ದೇ ನಿಜ ಎಂದಿಟ್ಟುಕೋ. ನಾನು ಆಣೆ ಪ್ರಮಾಣ ಮಾಡುತ್ತಾ ಕೂರುವುದಿಲ್ಲ.

ಶಫೀ


ಲಿಮೆರಿಕ್
19 ಫೆಬ್ರವರಿ 2021

ಶಫಿಯಣ್ಣನವರಿಗೆ,

ನಾನು ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ. ಗೊತ್ತಾದರೆ ಆಗಲಿ.

ನಿಮ್ಮ ನವೆಂಬರಿನ ಕಾಗದ ಬಂದ ದಿನ ಇವರು ಊಟ ಮಾಡಲಿಲ್ಲ. ಉತ್ತರ ಬರೆಯಲು ಎಷ್ಟು ಸಲ ಕೂತರೋ. “ಏನ್ರೀ ಅದು?” ಎಂದರೆ “ಏನ್ ಬರೀಲಿ ಹೇಳು, ಯಾವ ಮುಖ ಇಟ್ಕೊಂಡು ಬರೀಲಿ” ಎಂದು ಹಾಳೆ ಮಡಚಿಡುತ್ತಾರೆ. ನೂರ್ಜಹಾನಳ ಸುದ್ದಿ ಕೇಳಿ ನನಗೂ ನಿಮ್ಮ ಮೇಲೆ ಕೋಪ ಬಂತು. ನನಗಾದರೂ ಹೇಳಬಹುದಿತ್ತಲ್ಲ? ಹೋಗಲಿ, ಆ ಕೋಪವನ್ನು ನಾನು ಅವಳಿಗೆ ಫೋನಿನಲ್ಲೇ ಹೇಳಿ ಮುಗಿಸಿದ್ದೇನೆ, ಇಬ್ಬರೂ ಅತ್ತೆವು.

ಇವರ ಹೊಟ್ಟೆಕಿಚ್ಚು ನಿಮಗೆ ಗೊತ್ತಿಲ್ಲದ್ದಲ್ಲ. ಬೇರೆ ಗಂಡಸರು ಹೆಂಡತಿಯ ಮೇಲೆ ಅನುಮಾನ ಪಡುತ್ತಾರೆ, ನನ್ನ ಗಂಡ ಗೆಳೆಯನ ಮೇಲೆ ಪಡುತ್ತಾರೆ. ನನ್ನ ಪಾಲಿಗೆ ಇದೇ ಬರೆದದ್ದು ಎಂದುಕೊಂಡಿದ್ದೇನೆ. ಚಾರ್ಜರಿನ ಡಬ್ಬಿ ಇನ್ನೂ ನಿಮ್ಮ ವಿಳಾಸ ಹೊತ್ತುಕೊಂಡು ಬಾಗಿಲ ಹತ್ತಿರ ಕೂತಿದೆ. ತಾವೇ ಕಟ್ಟುತ್ತಾರೆ, ತಾವೇ ಬಿಚ್ಚುತ್ತಾರೆ. ಮೊನ್ನೆ ಶೆಡ್ಡಿನಿಂದ ಬ್ಯಾಟರಿಯನ್ನು ಒಳಗೆ ತಂದು, ಬಿಸಿನೀರಿನ ಟ್ಯಾಂಕಿರುವ ಹಾಟ್ ಪ್ರೆಸ್ ಕಪಾಟಿನಲ್ಲಿ ಒಗೆದ ಟವೆಲುಗಳ ನಡುವೆ ಬೆಚ್ಚಗೆ ಮಲಗಿಸಿದ್ದಾರೆ. ದಿನವೂ ಹೋಗಿ ಬಾಗಿಲು ತೆರೆದು ನೋಡುತ್ತಾರೆ. ನನ್ನನ್ನು ಹತ್ತಿರ ಬಿಡುವುದಿಲ್ಲ.

ಹೇಳಿ, ಆ ಚಾರ್ಜರನ್ನು ನಾನೇ ಪೋಸ್ಟ್ ಮಾಡಿಬಿಡಲೇ? ಅದೊಂದು ಈ ಮನೆಯಿಂದ ಹೋದರೆ ಇಬ್ಬರಿಗೂ ಬಿಡುಗಡೆಯಾದೀತೇನೋ.

ಹುಝೈಫಾನ ಕೆನ್ನೆಗೊಂದು ಮುತ್ತು.
ಕಾತ್ಯಾಯಿನಿ


ಲೆಟರ್‌ಕೆನ್ನಿ
2 ಮೇ 2021

ಮೂರ್ತಿಯವರಿಗೆ ನಮಸ್ಕಾರ.

ನಾನು ಚನ್ನಬಸಪ್ಪ. ಆ ದಪ್ಪ ಮೀಸೆಯವನು. ಆ ಮಾತು ನಿಮ್ಮದೇ ಅಂತ ಶಫೀ ಹೇಳಿದ, ನನಗೇನೂ ಬೇಜಾರಿಲ್ಲ. ಮೀಸೆ ದಪ್ಪ ಇರುವುದು ನಿಜ.

ಮೇ ಹತ್ತರಿಂದ ಜಿಲ್ಲೆ ದಾಟಬಹುದು ಎಂದಿದ್ದಾರೆ. ಮನೆಯೊಳಗೆ ಸೇರುವ ಹಾಗಿಲ್ಲ, ಹಿತ್ತಲಲ್ಲಿ ಮೂರು ಮನೆಯವರು ಸೇರಬಹುದು. ರಮಜಾನ್ ಮುಗಿದ ಮೇಲಿನ ಶನಿವಾರ ಲಿಮೆರಿಕ್ಕಿಗೆ ಬರಬೇಕೆಂದು ಶಫೀಗೆ ಆಸೆ. ಮಾರ್ಚಿನಲ್ಲಿ ನೀವು ನೂರ್ಜಹಾನಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿದಿರಂತೆ, ಅವನು ಹಿತ್ತಲಿಂದ ಓಡಿ ಬರುವಷ್ಟರಲ್ಲಿ ಇಟ್ಟುಬಿಟ್ಟಿರಂತೆ. ಅವತ್ತಿನಿಂದ ಅವನ ಬಾಯಲ್ಲಿ ನಿಮ್ಮದೇ ಸುದ್ದಿ. ಆದರೆ ಒಂದೇ ದಿನದಲ್ಲಿ ಹೋಗಿ ಬರಬೇಕು, ನೂರ್ಜಹಾನಕ್ಕನಿಗೆ ಡ್ಯೂಟಿ, ಅಷ್ಟು ದೂರ ಒಬ್ಬನೇ ಓಡಿಸಲಾರ. ಹೀಗಾಗಿ ನಾನು ಇನ್ನೊಬ್ಬ ಡ್ರೈವರ್ ಆಗಿ ಬರಬೇಕಾಗುತ್ತದೆ. ಅಂದರೆ ನಿಮ್ಮ ಹಿತ್ತಲಿನ ಮೂರನೆಯ ಮನೆ ನಾನಾಗುತ್ತೇನೆ. ನಿಮಗೆ ಒಪ್ಪಿಗೆ ಇದೆಯೋ ಇಲ್ಲವೋ ಕೇಳದೆ ಬರುವುದು ಸರಿಯಲ್ಲ ಅನ್ನಿಸಿ ಈ ಕಾಗದ. ಬೇಡ ಅಂದರೆ ನಾನು ಕಾರಿನಲ್ಲೇ ಕೂತಿರುತ್ತೇನೆ.

ಇನ್ನೊಂದು ಮಾತು. ನೀವು ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತೀರಿ ಎಂದು ಗೊತ್ತು. ಸರ್, ನಾನು ಒಂದು ವರ್ಷದಿಂದ ನಿಮ್ಮ ಮೇಲೆ ಪಡುತ್ತಿದ್ದೇನೆ. ನಾನು ಏನು ಮಾಡಿದರೂ “ನಮ್ಮ ಮೂರ್ತಿ ಆಗಿದ್ರ ಹಿಂಗ ಮಾಡ್ತಿದ್ದ” ಎನ್ನುತ್ತಾನೆ. ಮಿರ್ಚಿ ತಿಂದು “ಕಾತ್ಯಾಯಿನಿಯವರ ಉಪ್ಪಿಟ್ಟು ತಿಂದಿಲ್ಲ ನೀನು” ಎನ್ನುತ್ತಾನೆ. ಎಣ್ಣೆ ಕಾಯಿಸಿ ಕರಿದವನಿಗೆ ಹೇಗಾಗಬೇಕು ಹೇಳಿ. ಈ ಊರಿನಲ್ಲಿ ಒಬ್ಬನೇ ಇದ್ದವನಿಗೆ ಒಬ್ಬ ಗೆಳೆಯ ಸಿಕ್ಕ, ಅವನೂ ಅರ್ಧ ಮಾತ್ರ ಸಿಕ್ಕ.

ನನ್ನ ಆರು ಬ್ಯಾಟರಿಯಲ್ಲಿ ಒಂದನ್ನೂ ಶಫೀ ನಿಮ್ಮ ಡ್ರಿಲ್ಲಿಗೆ ಹಾಕಗೊಡಲಿಲ್ಲ. ಗ್ಯಾರೇಜು ಕೊರೆದದ್ದು ನನ್ನ ಡ್ರಿಲ್ಲಿನಿಂದ, ನನ್ನ ಬ್ಯಾಟರಿಯಿಂದ. ನಿಮ್ಮ ನೀಲಿ ಡ್ರಿಲ್ಲು ಅವತ್ತಿನಿಂದ ಕಪಾಟಿನಲ್ಲಿದೆ, ಚಿಟ್ಟೆಯ ಸ್ಟಿಕ್ಕರಿನ ಬ್ಯಾಟರಿ ಅದರ ಪಕ್ಕದಲ್ಲಿ ಅರ್ಧ ಚಾರ್ಜಿನಲ್ಲಿ ಆರಾಮಾಗಿದೆ. “ತಾರೋ, ನನ್ನ ಚಾರ್ಜರಿಗೆ ಹಾಕಿಕೊಡ್ತೀನಿ” ಅಂದರೆ “ಬ್ಯಾಡ, ಅದಕ್ಕ ಲಿಮೆರಿಕ್ಕಿನಾಗ ಚಾರ್ಜರ್ ಐತಿ” ಎಂದ. ಮೊದಲು ಕಳಿಸು ಎಂದು ತಾನೇ ಬರೆದಿದ್ದವನು, ಕಾತ್ಯಾಯಿನಿಯವರು ಚಾರ್ಜರ್ ಪೋಸ್ಟ್ ಮಾಡಲೇ ಎಂದು ಬರೆದಾಗ ಬೇಡ ಎಂದದ್ದೂ ಅದಕ್ಕೇ. ಈಗ ಹೇಳಿ, ಹೊಟ್ಟೆಕಿಚ್ಚು ಪಡುವ ಹಕ್ಕು ಯಾರಿಗೆ ಜಾಸ್ತಿ?

ನಾನು ಹೀಗೆ ಬರೆದದ್ದು ಅವನಿಗೆ ಗೊತ್ತಿಲ್ಲ. ಉತ್ತರವನ್ನು ನನ್ನ ವಿಳಾಸಕ್ಕೇ ಬರೆಯಿರಿ.

ಮೂರನೆಯ ಮನೆಯ,
ಚನ್ನಬಸಪ್ಪ


ಲಿಮೆರಿಕ್
7 ಮೇ 2021

ಚನ್ನಬಸಪ್ಪನವರೇ,

ನಿಮ್ಮ ಕಾಗದವನ್ನು ಶೆಡ್ಡಿನಲ್ಲಿ ಕೂತು ಓದಿದೆ. ಮತ್ತೆ ಓದಿದೆ. ಆಮೇಲೆ ಕಾತ್ಯಾಯಿನಿಗೆ ಕೊಟ್ಟೆ. ಉಪ್ಪಿಟ್ಟಿನ ಸಾಲು ಬಂದಾಗ ಅವಳು ಗಟ್ಟಿಯಾಗಿ ಓದಿದಳು, ಅನನ್ಯಾಗೂ ಕೇಳಲಿ ಎಂದು.

ನೀವು ಬರಬೇಕು. ಕಾರಿನಲ್ಲಿ ಕೂರುವ ಮಾತು ಬೇಡ. ಆದರೆ ಸುಳ್ಳು ಹೇಳಲಾರೆ, ನಿಮ್ಮ ಮೇಲೆ ಹೊಟ್ಟೆಕಿಚ್ಚು ಇನ್ನೂ ಇದೆ. ದಿನವೂ ಅವನ ಮನೆಯ ದೀಪ ನಿಮಗೆ ಕಾಣುತ್ತದೆ, ನನಗಿಲ್ಲ. ನೂರ್ಜಹಾನ್ ಮಲಗಿದ್ದಾಗ ಗೇಟಿಗೆ ಅನ್ನ ಇಟ್ಟದ್ದು ನೀವು, ನಾನಲ್ಲ. ಅದೊಂದನ್ನು ನೆನೆದರೆ ನಿಮ್ಮ ಮೇಲೆ ಉರಿಯುತ್ತದೆ, ನಿಮ್ಮ ಕಾಲಿಗೂ ಬೀಳಬೇಕೆನಿಸುತ್ತದೆ. ಎರಡೂ ಒಟ್ಟಿಗೇ. ಅವನು ಇನ್ನು ಅಲ್ಲಿಯೇ ಉಳಿಯುತ್ತಾನೆ ಎಂಬುದನ್ನು ಒಪ್ಪಿಕೊಂಡಿದ್ದೇನೆ. ಅದಕ್ಕೆ ಪ್ರತಿಯಾಗಿ ಆ ಶನಿವಾರ ಹಿತ್ತಲಿನಲ್ಲಿ ಅವನು ನನ್ನ ಪಕ್ಕ ಕೂರುತ್ತಾನೆ, ನೀವು ಆ ಕಡೆ. ಬೆಂಚನ್ನು ಇಬ್ಬರಿಗೆಂದು ಅಳೆದದ್ದು. ನೀವು ಅಡುಗೆಮನೆಯ ಕುರ್ಚಿಯಲ್ಲಿ ಕೂತರೂ ಆಗುತ್ತದೆ.

ಮಿರ್ಚಿ ತರುವುದು ಬೇಡ. ಇಲ್ಲ, ತನ್ನಿ. ಅನನ್ಯಾ ಕೇಳುತ್ತಿದ್ದಾಳೆ.

ಈಗ ನಿಮ್ಮಿಂದ ಒಂದು ಉಪಕಾರ ಬೇಕು. ಇದನ್ನು ಶಫೀಗೆ ಹೇಳಬಾರದು, ಕಾತ್ಯಾಯಿನಿಗೂ ಗೊತ್ತಿಲ್ಲ. ನನ್ನ ಬ್ಯಾಟರಿ ಸತ್ತಿದೆ. ನೀವು ಹೇಳಿದ್ದಕ್ಕೆಲ್ಲ ವಿರುದ್ಧ ಮಾಡಿದೆ. ತಿಂಗಳುಗಟ್ಟಲೆ ಚಾರ್ಜರಿನ ಮೇಲೆ ಬೇಯಿಸಿದೆ. ಪೂಜೆಯ ಗಂಧವನ್ನು ತಾಮ್ರದ ಸಂದಿಗೆ ತುಂಬಿ, ಚಳಿಗಾಲ ಪೂರ್ತಿ ಒದ್ದೆ ಶೆಡ್ಡಿನಲ್ಲಿ ಬಿಟ್ಟೆ. ತೆಗೆದು ನೋಡಿದರೆ ಸಂದುಗಳೆಲ್ಲ ಹಸಿರು ಕಿಲುಬು. ಕೆರೆದು, ಒಣಗಿಸಿ, ಟವೆಲಿನಲ್ಲಿ ಬೆಚ್ಚಗಿಟ್ಟು, ಚಾರ್ಜರಿಗೆ ಹಾಕಿದರೆ ಕೆಂಪು ದೀಪ ಮಿಣುಕುತ್ತದೆ, ಅಷ್ಟೇ. ಅವನು ತನ್ನದನ್ನು ಸುಮ್ಮನೆ ಕಪಾಟಿನಲ್ಲಿಟ್ಟು ಉಳಿಸಿಕೊಂಡ. ನಾನು ಇಷ್ಟು ಕಾದು ಕೊಂದೆ. ಇದನ್ನು ಅವನಿಗೆ ತೋರಿಸಲು ನನ್ನಿಂದಾಗದು.

ನಿಮ್ಮ ಆರರಲ್ಲಿ ಒಂದು ತನ್ನಿ. ನಂಬರ್ ಅಳಿಸಿ ತನ್ನಿ. ಅನನ್ಯಾ ಮಾಡಿದಂಥ ಗೀರನ್ನು ನಾನು ಮೊಳೆಯಿಂದ ಹಾಕಿಕೊಳ್ಳುತ್ತೇನೆ, ಕುಂಕುಮವನ್ನೂ ಇಡುತ್ತೇನೆ, ಈ ಸಲ ಬೆನ್ನಿಗೆ ಮಾತ್ರ. ನೀವು ಅವನನ್ನು ಸ್ವಲ್ಪ ಹೊತ್ತು ಗೇಟಿನ ಹತ್ತಿರ ಮಾತಿಗೆ ಹಿಡಿದಿಟ್ಟರೆ ಸಾಕು, ನಿಮ್ಮ ಭಾಷೆಯಲ್ಲೇ ಹಿಡಿದಿಡಿ, ಬೇಗ ಬಿಡಿಸಿಕೊಳ್ಳಲಾರ. ಆಮೇಲೆ ನಮ್ಮ ಡ್ರಿಲ್ಲಿಗೆ ನಿಮ್ಮ ಬ್ಯಾಟರಿ ಹಾಕಿ ಬೆಂಚಿನ ಉಳಿದೆರಡು ಕಾಲು ಕೂರಿಸುತ್ತೇನೆ. ಹಲಗೆಯ ಒಂದು ತುದಿ ಅವನು ಹಿಡಿಯುತ್ತಾನೆ. ಇನ್ನೊಂದು ತುದಿ ನೀವು ಹಿಡಿಯಿರಿ.

ಒಂದೇ ಒಂದು ಮಾತು. ಬರುವಾಗ ಅದನ್ನು ಪೂರ್ತಿ ತುಂಬಿಸಿ ತರಬೇಡಿ. ಅರ್ಧ ಚಾರ್ಜ್ ಸಾಕು. ಉಳಿದರ್ಧ ಇಲ್ಲಿಯ ಚಾರ್ಜರಿನಲ್ಲಿ ನಾನು ತುಂಬುತ್ತೇನೆ.

ಮೂರ್ತಿ